ಟ್ರ್ಯಾಕ್ಟರ್ ಅಣ್ಣಂದಿರೇ, ಬುಡದಿಂದ ಏಳಡಿ ಬಿಡಿ

ಅರಸೀಕೆರೆ, ಬೇಲೂರು, ಹಳೇಬೀಡು, ಬಾಣಾವರ, ಜಾವಗಲ್ ಸುತ್ತಮುತ್ತ ಬಾಡಿಗೆಗೆ ಉಳುಮೆ ಮಾಡುವ ಟ್ರ್ಯಾಕ್ಟರ್ ಮಾಲೀಕರಿಗೆ, ಚಾಲಕರಿಗೆ, ಜೆಸಿಬಿ ಓಡಿಸುವ ತಮ್ಮಂದಿರಿಗೆ ಬಹಿರಂಗ ಪತ್ರ



ರೈತರಿಗೆ ತಿಳಿಸಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲಾಖೆಯವರು ಕರಪತ್ರ ಹಂಚುತ್ತಾರೆ, ಕೃಷಿ ಮೇಳ ಮಾಡುತ್ತಾರೆ, ವಿಜ್ಞಾನಿಗಳು ರೇಡಿಯೊದಲ್ಲಿ ಮಾತಾಡುತ್ತಾರೆ. ನಿಮಗೆ ಅಂತ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ನೆಲ ಉಳುವ ಕೆಲಸ ಮನೆಯ ಎತ್ತಿನಿಂದ ನಿಮ್ಮ ಗಾಡಿಗೆ ಬಂದು ಬಹಳ ವರ್ಷವಾಯಿತು. ಎಷ್ಟೋ ತೋಟಗಳ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ವರ್ಷಕ್ಕೆರಡು ಸಲ ಫೋನ್ ಮಾಡಿ, 'ತೋಟ ಹುಲ್ಲು ಬಿದ್ದಿದೆಯಂತೆ, ಒಂದು ರೋಟರ್ ಹೊಡೆದುಬಿಡಪ್ಪ' ಅನ್ನುತ್ತಾರೆ. ಲಿವರ್ ಎಷ್ಟು ಇಳಿಸಬೇಕು, ಮರಕ್ಕೆ ಎಷ್ಟು ಹತ್ತಿರ ಹೋಗಬೇಕು, ಮಣ್ಣು ಹದಕ್ಕೆ ಬಂದಿದೆಯೋ ಇಲ್ಲವೋ, ಇದನ್ನೆಲ್ಲ ಆ ಹೊತ್ತಿನಲ್ಲಿ ತೀರ್ಮಾನಿಸುವವರು ನೀವೇ. ಅದಕ್ಕೇ ಈ ಪತ್ರ ನಿಮಗೆ.

ಮೊದಲು ಕೋರಿಕೆ ಹೇಳಿಬಿಡುತ್ತೇನೆ. ತೆಂಗಿನ ತೋಟಕ್ಕೆ ಇಳಿದಾಗ ಪ್ರತಿ ಮರದ ಬುಡದಿಂದ ಸುತ್ತಲೂ ಏಳಡಿ ನೆಲವನ್ನು ಮುಟ್ಟಬೇಡಿ. ನಮ್ಮ ಕಡೆ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 30 ಅಡಿ ಇರುತ್ತದೆ. ಎರಡೂ ಕಡೆ ಏಳೇಳು ಅಡಿ ಬಿಟ್ಟರೆ ನಡುವೆ 16 ಅಡಿ ಉಳಿಯುತ್ತದೆ. ಐದಡಿಯ ರೋಟವೇಟರ್ ಇದ್ದರೆ ಅಲ್ಲಿ ಮೂರು ಸಲ ಹೋಗಿಬರಬಹುದು. ಅದೂ ಒಂದೇ ದಿಕ್ಕಿಗೆ ಸಾಕು. ಉದ್ದಕ್ಕೆ ಹೊಡೆದು ಮತ್ತೆ ಅಡ್ಡಕ್ಕೆ ಹೊಡೆಯುವುದು ಬೇಡ.

ಏಳಡಿ ಎಂಬುದಕ್ಕೆ ಲೆಕ್ಕವಿದೆ. ಮಾವಿಗೆ, ಹುಣಸೆಗೆ, ಹೊಂಗೆಗೆ ಇರುವ ಹಾಗೆ ತೆಂಗಿಗೆ ತಾಯಿಬೇರಿಲ್ಲ. ರಾಗಿ, ಜೋಳದ ಹಾಗೆ ಅದರದ್ದು ಜೊಂಡುಬೇರು. ಬುಡದ ಗಡ್ಡೆಯ ಸುತ್ತಲಿಂದ ಕಿರುಬೆರಳು ಗಾತ್ರದ ಬೇರುಗಳು ಒಂದರ ಪಕ್ಕ ಒಂದು ಹೊರಟು ಎಲ್ಲ ಕಡೆಗೂ ಹೋಗುತ್ತವೆ. ನಡುವಯಸ್ಸಿನ ಒಂದು ಮರಕ್ಕೆ ಇಂಥ ಬೇರು 4,000ದಿಂದ 7,000 ಇರುತ್ತವೆ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲೇ ಮರದ ಸುತ್ತ ಅಗೆದು ಬೇರು ಎಣಿಸಿದರು. ಚೆನ್ನಾಗಿ ಆರೈಕೆ ಮಾಡಿದ ಮರದ ಬೇರುಗಳಲ್ಲಿ ಶೇಕಡಾ 74ರಷ್ಟು ಬುಡದಿಂದ ಎರಡು ಮೀಟರ್ ಒಳಗೇ ಇದ್ದವು. ಎರಡು ಮೀಟರ್ ಅಂದರೆ ಆರೂವರೆ ಅಡಿ. ಆಳದ ಲೆಕ್ಕವನ್ನೂ ಅವರು ತೆಗೆದರು. ಶೇಕಡಾ 82ರಷ್ಟು ಬೇರು ನೆಲದ ಕೆಳಗೆ 31ರಿಂದ 120 ಸೆಂಟಿಮೀಟರ್ ನಡುವೆ ಸಿಕ್ಕವು.

ನಿಮ್ಮಲ್ಲಿ ಅನುಭವಸ್ಥರು ಇಲ್ಲೇ ಒಂದು ಮಾತು ಎತ್ತುತ್ತೀರಿ. 'ಸ್ವಾಮಿ, ನಮ್ಮ ಬ್ಲೇಡು ಆರಿಂಚು ದಾಟುವುದಿಲ್ಲ. ಬೇರು ಒಂದಡಿ ಕೆಳಗಿದ್ದರೆ ನಾವು ಕತ್ತರಿಸುವುದೆಲ್ಲಿ ಬಂತು?' ಕೇಳಬೇಕಾದ ಪ್ರಶ್ನೆಯೇ. ಕರಾವಳಿಯ ನೆಲ ಬೇರೆ, ನಮ್ಮದು ಬೇರೆ. ಅರಸೀಕೆರೆ ತಾಲ್ಲೂಕು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿದ್ದು. ಇಲ್ಲಿ ಎಷ್ಟೋ ಕಡೆ ಒಂದೂವರೆ ಅಡಿ ಕೆಂಪು ಮಣ್ಣು ದಾಟಿದರೆ ಗರಸು ಸಿಗುತ್ತದೆ, ಅದರ ಕೆಳಗೆ ಕಲ್ಲು. ಕೆಳಗೆ ದಾರಿಯಿಲ್ಲದ ಬೇರು ಮೇಲಿನ ಮಣ್ಣಿನಲ್ಲೇ ಹರಡಿಕೊಳ್ಳುತ್ತದೆ. ಪಾತಿಗೆ ನೀರು ಬಿಡುವ ತೋಟದಲ್ಲೂ, ಡ್ರಿಪ್ ಹಾಕಿದ ತೋಟದಲ್ಲೂ ನೀರು ಸಿಗುವ ಮೇಲುಪದರಕ್ಕೇ ಬೇರು ಬರುತ್ತದೆ. ಜತೆಗೆ, ಮೇಲಿನ ಒಂದಡಿಯೊಳಗಿರುವ ಬೇರು ಎಣಿಕೆಯಲ್ಲಿ ಕಡಿಮೆ ಇರಬಹುದು, ಕೆಲಸದಲ್ಲಿ ಕಡಿಮೆಯಲ್ಲ. ಏಪ್ರಿಲ್‌ನಲ್ಲಿ ಅರ್ಧ ಗಂಟೆ ಮಳೆ ಬಂದರೆ ಆ ನೀರು ಮೂರಡಿ ಕೆಳಗೆ ಇಳಿಯುವುದಿಲ್ಲ. ಅದನ್ನು ಹಿಡಿದುಕೊಳ್ಳುವುದು ಮೇಲಿನ ಬೇರು. ಬುಡಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಮೊದಲು ಸಿಗುವುದೂ ಅದಕ್ಕೇ. ಕಲ್ಟಿವೇಟರ್, ಎಂಬಿ ನೇಗಿಲು ಕಟ್ಟಿದವರಂತೂ ಆರಿಂಚಿಗೆ ನಿಲ್ಲುವುದಿಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ತೆಂಗಿನ ಬೇರಿಗೆ ಇನ್ನೊಂದು ಗುಣವಿದೆ. ರಾಗಿ ಬೇರಿಗೋ ಅವರೆ ಬೇರಿಗೋ ತುದಿಯ ಹತ್ತಿರ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ, ಆ ಎಳೆಗಳೇ ನೀರು ಹೀರುತ್ತವೆ. ತೆಂಗಿನ ಬೇರಿಗೆ ಆ ಕೂದಲಿಲ್ಲ. ಎಳೆಯ ಬೆಳ್ಳನೆಯ ತುದಿ, ಅದರ ಹಿಂದಿನ ಸ್ವಲ್ಪ ಭಾಗ, ಅಷ್ಟೇ ನೀರು ಕುಡಿಯುವ ಜಾಗ. ಹಿಂದಿನ ಕೆಂಪುಬೇರೆಲ್ಲ ಸಿಪ್ಪೆ ಬಲಿತು ಗಟ್ಟಿಯಾಗಿ, ನೀರು ಸಾಗಿಸುವ ಕೊಳವೆಯಾಗಿರುತ್ತದೆ. ಎಂಟಡಿ ಉದ್ದದ ಬೇರನ್ನು ಬುಡದಿಂದ ಮೂರಡಿಯಲ್ಲಿ ಕತ್ತರಿಸಿದಿರಿ ಅಂದುಕೊಳ್ಳಿ. ಮರ ಕಳೆದುಕೊಂಡದ್ದು ಐದಡಿ ಬೇರನ್ನಷ್ಟೇ ಅಲ್ಲ, ಆ ಬೇರಿನ ಬಾಯನ್ನೇ. ಉಳಿದ ಮೂರಡಿ, ಕವಲೊಡೆದು ಹೊಸ ತುದಿ ಬರುವವರೆಗೆ ಸುಮ್ಮನೆ ಮಣ್ಣಿನಲ್ಲಿ ಮಲಗಿರುತ್ತದೆ.

ಒಂದು ಬೇರಿನ ಶಕ್ತಿ ಎಷ್ಟೆಂದು ನಿಮ್ಮಲ್ಲಿ ಹಲವರು ಕಣ್ಣಾರೆ ನೋಡಿದ್ದೀರಿ. ಅಣಬೆ ರೋಗಕ್ಕೋ ಕಪ್ಪುತಲೆ ಹುಳಕ್ಕೋ ಬೇರಿನ ಮೂಲಕ ಔಷಧಿ ಕೊಡುವುದನ್ನು ನೆನಪಿಸಿಕೊಳ್ಳಿ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಮಣ್ಣನ್ನು ಕೈಯಿಂದ ಕೆದಕಿ, ಪೆನ್ಸಿಲ್ ಗಾತ್ರದ, ಜೀವ ಇರುವ ಒಂದು ಬೇರು ಹುಡುಕುತ್ತಾರೆ. ತೀರಾ ಬಲಿತದ್ದಾಗಬಾರದು, ತೀರಾ ಎಳೆಯದೂ ಆಗಬಾರದು. ಅದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಆ ತುದಿ ಮುಳುಗುವ ಹಾಗೆ ಇಟ್ಟು ದಾರ ಕಟ್ಟಿ ಮಣ್ಣು ಮುಚ್ಚುತ್ತಾರೆ. ಬೆಳಿಗ್ಗೆ ಕಟ್ಟಿದರೆ ಮಾರನೆಯ ದಿನದ ಹೊತ್ತಿಗೆ ಚೀಲ ಬರಿದಾಗಿರುತ್ತದೆ. ಬರಿದಾಗದಿದ್ದರೆ ಆ ಬೇರು ಸರಿಯಿಲ್ಲ ಎಂದು ಬೇರೊಂದನ್ನು ಹುಡುಕುತ್ತಾರೆ. ಪೆನ್ಸಿಲ್ ಗಾತ್ರದ ಒಂದೇ ಒಂದು ಬೇರು ಅಷ್ಟನ್ನು ಎಳೆದು ಅರವತ್ತಡಿ ಮೇಲಿನ ಸುಳಿಯತ್ತ ಕಳಿಸುತ್ತದೆ. ನಿಮ್ಮ ರೋಟವೇಟರಿನಲ್ಲಿ 36 ಬ್ಲೇಡೋ 42 ಬ್ಲೇಡೋ ಇರುತ್ತವೆ. ಬುಡಕ್ಕೆ ಒತ್ತಿ ಒಂದು ಸುತ್ತು ಬಂದರೆ ಇಂಥ ಎಷ್ಟು ಬೇರು ಹೋಗುತ್ತವೆ ಎಂದು ಗಾಡಿ ನಿಲ್ಲಿಸಿ ಇಳಿದು ನೋಡಿ. ಪುಡಿಮಣ್ಣಿನಲ್ಲಿ ಹೊರಗೆ ಕೆಂಪು, ಒಳಗೆ ಬಿಳಿ ಇರುವ ತುಂಡುಗಳು ಸಿಗುತ್ತವೆ. ಕೈಗೆ ತೆಗೆದುಕೊಂಡು ಮುರಿದರೆ ಇನ್ನೂ ಹಸಿಯಾಗಿರುತ್ತವೆ.

ಇಷ್ಟಾದರೂ ಮರ ಮರುದಿನ ಬಾಡುವುದಿಲ್ಲ. ಮರುತಿಂಗಳೂ ಬಾಡುವುದಿಲ್ಲ. ನಿಮ್ಮ ಕೆಲಸಕ್ಕೂ ಮರದ ಕಷ್ಟಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯದೇ ಇರುವುದು ಇದರಿಂದಲೇ, ಇಡೀ ಪತ್ರದಲ್ಲಿ ನಾನು ಮುಖ್ಯ ಅಂದುಕೊಂಡಿರುವುದೂ ಇದನ್ನೇ. ತೆಂಗಿನ ಸುಳಿಯೊಳಗೆ ಒಂದು ಹೊಂಬಾಳೆಯ ಮೊಳಕೆ ಹುಟ್ಟಿದ ಮೇಲೆ ಅದು ಹೊರಗೆ ಬಂದು ಒಡೆಯಲು ಸುಮಾರು 32 ತಿಂಗಳು ಹಿಡಿಯುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಇನ್ನು ಹನ್ನೆರಡು ತಿಂಗಳು. ಒಟ್ಟು 44 ತಿಂಗಳು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಮಾಡುವವರಿಗೆ ಅಲ್ಲಿ ಇನ್ನೂ ಹತ್ತು ಹನ್ನೊಂದು ತಿಂಗಳು. ಅರಸೀಕೆರೆಯ ಎಪಿಎಂಸಿಗೆ ಇವತ್ತು ಬಂದಿಳಿದ ಚೀಲದೊಳಗಿನ ಕೊಬ್ಬರಿ ನಾಲ್ಕೂವರೆ ವರ್ಷದ ಹಿಂದೆ ಸುಳಿಯಲ್ಲಿ ಹುಟ್ಟಿದ್ದು. ಆ ನಡುವೆ ಯಾವ ವರ್ಷ ಬೇರಿಗೆ ಪೆಟ್ಟು ಬಿದ್ದರೂ ಅದು ಒಂದಲ್ಲ ಒಂದು ಗೊನೆಯಲ್ಲಿ ಲೆಕ್ಕಕ್ಕೆ ಬರುತ್ತದೆ: ಹೂವು ಉದುರುತ್ತದೆ, ಹರಳು ಉದುರುತ್ತದೆ, ಕಾಯಿ ಸಣ್ಣದಾಗುತ್ತದೆ, ಕೆಲವು ಹೊಂಬಾಳೆ ಒಳಗೇ ಸತ್ತುಹೋಗಿ ಹೊರಗೆ ಬರುವುದೇ ಇಲ್ಲ. ಆ ಹೊತ್ತಿಗೆ ಉಳುಮೆಯನ್ನು ಎಲ್ಲರೂ ಮರೆತಿರುತ್ತಾರೆ. ಮಳೆಯನ್ನು ಬೈಯುತ್ತಾರೆ, ನುಸಿಯನ್ನು ಬೈಯುತ್ತಾರೆ, ಬಿಳಿನೊಣವನ್ನು ಬೈಯುತ್ತಾರೆ. ಅವುಗಳ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. 2016-17ರ ಆಸುಪಾಸಿನ ಬರದಲ್ಲಿ ನಮ್ಮ ತಾಲ್ಲೂಕಿನಲ್ಲಿ ಸುಳಿ ಕಳಚಿ ನಿಂತ ಮರಗಳನ್ನು ನೀವೂ ನೋಡಿದಿರಿ. ಕೊಳವೆಬಾವಿ ಬತ್ತಿದ್ದು ನಿಜ. ಆದರೆ ಬತ್ತಿದ ನೆಲದಲ್ಲಿ ಉಳಿದ ಚೂರುಪಾರು ತೇವವನ್ನು ಹುಡುಕಿ ತರಬೇಕಾದದ್ದು ಬೇರು. ಅಂಥ ವರ್ಷದಲ್ಲಿ ಬೇರು ತುಂಡಾದ ಮರಕ್ಕೂ ಬೇರು ಉಳಿದ ಮರಕ್ಕೂ ಬಹಳ ಅಂತರವಿರುತ್ತದೆ.

'ಹಳೇ ಬೇರು ಹರಿದರೆ ಹೊಸ ಬೇರು ಬರುತ್ತೆ, ಮರಕ್ಕೆ ಒಳ್ಳೇದೇ' ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿದೆ. ನಿಮಗೆ ಫೋನ್ ಮಾಡುವ ಯಜಮಾನರೂ ಇದನ್ನೇ ಹೇಳಿರುತ್ತಾರೆ. ಅರ್ಧ ನಿಜ. ಕತ್ತರಿಸಿದ ತೆಂಗಿನ ಬೇರು ಹಿಂದಿನಿಂದ ಕವಲೊಡೆಯುತ್ತದೆ. ಆದರೆ ಆ ಹೊಸ ಕವಲಿಗೆ ಬೇಕಾದ ಸಕ್ಕರೆಯನ್ನು ಕೊಡಬೇಕಾದದ್ದು ಗರಿಗಳು. ಕಾಯಿಗೆ ಹೋಗಬೇಕಾದದ್ದು ಬೇರಿಗೆ ಹೋಗುತ್ತದೆ. ನೀರಾವರಿ ಇರುವ, ಗೊಬ್ಬರ ಕಾಣುವ ತೋಟದ ಮರ ಹೇಗೋ ತಡೆದುಕೊಂಡೀತು. ಮಳೆಯನ್ನೇ ನಂಬಿದ ತೋಟದಲ್ಲಿ, ಮುಂಗಾರು ಕೈಕೊಟ್ಟ ವರ್ಷ, ಹೊಸ ಬೇರು ತೇವ ಮುಟ್ಟುವ ಹೊತ್ತಿಗೆ ಮುಂದಿನ ಬೇಸಿಗೆ ಬಂದಿರುತ್ತದೆ. ಅಷ್ಟರಲ್ಲಿ ಮತ್ತೊಂದು ಉಳುಮೆಯೂ ಬಂದಿರುತ್ತದೆ.

ಅಣಬೆ ರೋಗದ ತೋಟಕ್ಕೆ ಮಾತ್ರ ಏಳಡಿಯ ಮಾತೂ ಬೇಡ, ಒಳಗೇ ಹೋಗಬೇಡಿ. ಬುಡದಲ್ಲಿ ಕೆಂಪು ಕಂದು ರಸ ಸೋರುತ್ತಿದ್ದರೆ, ಕೆಳಗಿನ ಗರಿಗಳು ಜೋತುಬಿದ್ದು ಕಾಂಡಕ್ಕೆ ಅಂಟಿಕೊಂಡಿದ್ದರೆ, ಮಳೆಗಾಲದಲ್ಲಿ ಬುಡಕ್ಕೆ ಗಟ್ಟಿ ಅಣಬೆ ಮೂಡಿದ್ದರೆ ಅದೇ. ಗ್ಯಾನೊಡರ್ಮ ಎಂಬ ಶಿಲೀಂಧ್ರ ಮಣ್ಣಿನಲ್ಲಿದ್ದುಕೊಂಡು ಬೇರಿನ ಮೂಲಕ ಮರದೊಳಗೆ ಹೋಗುತ್ತದೆ. ಒಂದು ಮರದ ಬೇರು ಇನ್ನೊಂದರ ಬೇರಿಗೆ ತಾಗಿದಲ್ಲಿ ದಾಟುತ್ತದೆ. ಗಾಯವಾದ ಬೇರು ಅದಕ್ಕೆ ತೆರೆದ ಬಾಗಿಲು. ರೋಗದ ಮರದ ಬೇರುಚೂರುಗಳನ್ನು ಬ್ಲೇಡಿನಲ್ಲಿ ಸಿಕ್ಕಿಸಿಕೊಂಡು ಪಕ್ಕದ ಸಾಲಿಗೆ ಹೋದರೆ, ರೋಗವನ್ನು ನಾವೇ ಕೈಹಿಡಿದು ಕರೆದುಕೊಂಡು ಹೋದ ಹಾಗೆ. ಅದಕ್ಕೇ ರೋಗ ಬಂದ ತೋಟದಲ್ಲಿ ಉಳುಮೆ ನಿಲ್ಲಿಸಿ, ಹರಿನೀರು ಬಿಡಬೇಡಿ, ರೋಗದ ಮರದ ಸುತ್ತ ಕಂದಕ ತೆಗೆದು ಬೇರೆ ಮಾಡಿ, ಬುಡಕ್ಕೆ ಟ್ರೈಕೊಡರ್ಮ ಬೆರೆಸಿದ ಬೇವಿನ ಹಿಂಡಿ ಕೊಡಿ ಎಂದು ತಜ್ಞರು ಹೇಳುವುದು. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅರಸೀಕೆರೆಯಲ್ಲೇ ಇದೆ, ತೆಂಗಿನ ಮೇಲೇ ಕೆಲಸ ಮಾಡುತ್ತದೆ. ಒಂದು ತೋಟ ನೋಡಿ ಅನುಮಾನ ಬಂದರೆ ಯಜಮಾನರನ್ನು ಅಲ್ಲಿಗೆ ಕಳಿಸಿ. ಒಂದು ತೋಟದ ಬಾಡಿಗೆ ತಪ್ಪೀತು, ಹತ್ತು ತೋಟ ಉಳಿದಾವು. ಗೊತ್ತಿಲ್ಲದೆ ರೋಗದ ತೋಟಕ್ಕೆ ಇಳಿದಿದ್ದರೆ, ಹೊರಬಂದ ಮೇಲೆ ಬ್ಲೇಡು, ಚಕ್ರ ತೊಳೆದುಕೊಂಡೇ ಮುಂದಿನ ಕೆಲಸಕ್ಕೆ ಹೋಗಿ.

ಇಲ್ಲಿಯವರೆಗೆ ಮರದ ಮಾತಾಯಿತು. ಬೇರು ಮಣ್ಣಿಗೆ ಮಾಡುವ ಉಪಕಾರ ಇದಕ್ಕಿಂತ ದೊಡ್ಡದು. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರು ಮಣ್ಣಿಗೆ ಬಸಿಯುತ್ತದೆ. ಅದನ್ನು ಉಣ್ಣಲು ಬ್ಯಾಕ್ಟೀರಿಯ, ಶಿಲೀಂಧ್ರ ಕೋಟಿಗಟ್ಟಲೆ ಬಂದು ಸೇರುತ್ತವೆ. ಬೇರಿನ ಸುತ್ತಲಿನ ಆ ಕೂದಲೆಳೆಯಷ್ಟು ಮಣ್ಣು ಉಳಿದ ಮಣ್ಣಿಗಿಂತ ಬೇರೆಯೇ ಎಂದು 1904ರಲ್ಲೇ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ಹೇಳಿದ. ಕೆಲವು ಶಿಲೀಂಧ್ರಗಳು ಬೇರಿನೊಳಗೇ ಮನೆ ಮಾಡಿಕೊಂಡು, ಬೇರು ತಲುಪದ ಸಂದಿಗೆ ತಮ್ಮ ನೂಲು ಚಾಚಿ, ಮಣ್ಣಿಗೆ ಅಂಟಿಕೊಂಡ ರಂಜಕವನ್ನು ತಂದು ಕೊಡುತ್ತವೆ. ಮೈಕೊರೈಝಾ ಎಂದು ಇವನ್ನು ಕರೆಯುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಇವುಗಳ ಮೇಲೆಯೇ ಕೆಲಸ ಮಾಡಿದರು. ಆ ನೂಲು, ಬೇರಿನ ಲೋಳೆ, ಸತ್ತ ಬೇರಿನ ಪುಡಿ ಎಲ್ಲ ಸೇರಿ ಮಣ್ಣಿನ ಕಣಗಳನ್ನು ಸಣ್ಣ ಸಣ್ಣ ಉಂಡೆ ಕಟ್ಟುತ್ತವೆ. ಉಂಡೆಗಳ ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ. ಬೇರು ಸತ್ತರೆ ಅದು ಇದ್ದ ಜಾಗವೇ ನೀರಿಳಿಯುವ ಕಿಂಡಿ. ರೋಟವೇಟರ್ ಮಾಡುವುದು ಆ ಉಂಡೆಗಳನ್ನು ಹಿಟ್ಟು ಮಾಡುವ ಕೆಲಸ.

ಇದನ್ನು ನನ್ನ ಮಾತಿಗೆ ನಂಬಬೇಡಿ, ನೋಡಿಯೇ ನಂಬಿ. ಎರಡು ಗಾಜಿನ ಲೋಟದಲ್ಲಿ ನೀರು ಇಡಿ. ವರ್ಷಾವರ್ಷ ರೋಟರ್ ಹೊಡೆದ ಹೊಲದಿಂದ ನಿಂಬೆಹಣ್ಣಿನಷ್ಟು ಒಣ ಹೆಂಟೆ ತನ್ನಿ. ಅದೇ ಹೊಲದ ಬದುವಿನ ಮೇಲೆ, ಗರಿಕೆ ಬೇರಿನ ಬುಡದಿಂದ, ಅಷ್ಟೇ ಗಾತ್ರದ ಇನ್ನೊಂದು ಹೆಂಟೆ ತನ್ನಿ. ಎರಡನ್ನೂ ನಿಧಾನವಾಗಿ ನೀರಿಗೆ ಬಿಡಿ. ಹೊಲದ ಹೆಂಟೆ ನೋಡುತ್ತಿದ್ದ ಹಾಗೆ ಗುಳ್ಳೆ ಬಿಟ್ಟು ಕುಸಿದು ತಳದಲ್ಲಿ ಕೆಸರಾಗಿ ಕೂರುತ್ತದೆ, ನೀರು ಕೆಂಪಾಗುತ್ತದೆ. ಬದುವಿನ ಹೆಂಟೆ ಬಹಳ ಹೊತ್ತು ಹಾಗೇ ಇರುತ್ತದೆ. ಒಂದೇ ಮಣ್ಣು, ಒಂದೇ ಮಳೆ ಕಂಡದ್ದು. ಒಂದರಲ್ಲಿ ಬೇರು ಸದಾ ಇತ್ತು, ಇನ್ನೊಂದರಲ್ಲಿ ನಿಲ್ಲಲು ಬಿಡಲಿಲ್ಲ. ಲೋಟದಲ್ಲಿ ಆದದ್ದೇ ಮೊದಲ ದಪ್ಪಮಳೆಗೆ ಹೊಲದಲ್ಲೂ ಆಗುತ್ತದೆ. ಮೇಲಿನ ಮಣ್ಣು ಕದಡಿ ಸಂದಿಗಳನ್ನು ಮುಚ್ಚುತ್ತದೆ, ಬಿಸಿಲು ಬಿದ್ದಾಗ ಹಪ್ಪಳಗಟ್ಟುತ್ತದೆ, ರಾಗಿ ಮೊಳಕೆ ಅದನ್ನು ಒಡೆಯಲಾರದೆ ಸಾಯುತ್ತದೆ. ಕೆಳಗೆ, ಬ್ಲೇಡು ತಿರುಗಿ ತಿರುಗಿ ತಟ್ಟಿದ ಆಳದಲ್ಲಿ, ಇನ್ನೊಂದು ಗಟ್ಟಿ ಪದರ ಕೂತಿರುತ್ತದೆ. ಹಸಿ ಇರುವಾಗಲೇ ಗಾಡಿ ಇಳಿಸಿದ ಹೊಲದಲ್ಲಿ ಚಕ್ರದ ಭಾರವೂ ಅದಕ್ಕೆ ಸೇರುತ್ತದೆ. ಬೇರಿಗೂ ಉಸಿರು ಬೇಕು. ಗಾಳಿಯಿಲ್ಲದ ಮಣ್ಣಿನಲ್ಲಿ ಅದು ಮುಂದೆ ಹೋಗುವುದಿಲ್ಲ. ಯಜಮಾನ ಎಷ್ಟೇ ಅವಸರ ಮಾಡಲಿ, ಹದ ಬಾರದ ಮಣ್ಣಿಗೆ ಇಳಿಯುವುದಿಲ್ಲ ಎಂದು ನೀವು ಹೇಳಿದರೆ ಅವರು ಕೇಳುತ್ತಾರೆ. ಗಾಡಿ ನಿಮ್ಮದು.

ಹಾಗೆ ಕದಡಿದ ಮಣ್ಣು ಎಲ್ಲಿ ಹೋಗುತ್ತದೆ ಎಂಬುದನ್ನು ಹಳೇಬೀಡಿನವರಿಗೆ ನಾನು ಹೇಳಬೇಕಾಗಿಲ್ಲ. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ದ್ವಾರಸಮುದ್ರದ ಕೆರೆ ನಿಮ್ಮ ಕಣ್ಣೆದುರಿಗಿದೆ. ಅದಕ್ಕೆ ರಣಘಟ್ಟದಿಂದ ನೀರು ತರಬೇಕೆಂದು ಹಳೇಬೀಡು, ಮಾದಿಹಳ್ಳಿ, ಜಾವಗಲ್ ಕಡೆಯ ಜನ ವರ್ಷಗಟ್ಟಲೆ ಬೀದಿಗಿಳಿದರು. ನೀರು ಬೇಕೇ ಬೇಕು. ಅದರ ಜತೆಗೇ ಕೆರೆಗೆ ಬರುವ ಹೂಳನ್ನೂ ನೋಡಬೇಕು. ಕೆರೆಯ ಹೂಳೆಂದರೆ ಮೇಲಿನ ಹೊಲಗಳ ಮೇಲ್ಮಣ್ಣು. ಬೇಸಿಗೆಯಲ್ಲಿ ಜೆಸಿಬಿಯವರು ಅದೇ ಗೋಡುಮಣ್ಣನ್ನು ಎತ್ತಿ ಟ್ರ್ಯಾಕ್ಟರಿಗೆ ತುಂಬುತ್ತೀರಿ, ಟ್ರ್ಯಾಕ್ಟರಿನವರು ಮತ್ತೆ ಹೊಲಕ್ಕೆ ಸುರಿಯುತ್ತೀರಿ. ಒಳ್ಳೆಯ ಕೆಲಸ, ನಮ್ಮ ಹಿರಿಯರೂ ಮಾಡಿದ್ದೇ. ಆದರೆ ಹೊಲದಲ್ಲಿ ಬೇರು ನಿಲ್ಲದಿದ್ದರೆ ಆ ಮಣ್ಣು ಮತ್ತೆ ಕೆರೆಯ ದಾರಿಯನ್ನೇ ಹಿಡಿಯುತ್ತದೆ.

ಹೊಲದಲ್ಲಿ ಬೇರು ನಿಲ್ಲಿಸುವ ವಿದ್ಯೆ ನಮಗೆ ಹೊಸದಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದೆವು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿಯ ಬೇರು ಮೇಲಿನ ಮಣ್ಣನ್ನು ಬಲೆ ಹಾಕಿ ಹಿಡಿಯುತ್ತದೆ, ತೊಗರಿಯ ಬೇರು ನೇರ ಕೆಳಗೆ ಇಳಿದು ಗಟ್ಟಿ ನೆಲವನ್ನು ಬಿಡಿಸುತ್ತದೆ. ಅವರೆ ಹೂವು ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ಬೇರು ತೊಳೆದು ನೋಡಿ. ಸಾಸಿವೆ, ರಾಗಿ ಕಾಳಿನಷ್ಟು ಗಂಟುಗಳಿರುತ್ತವೆ. ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಕೆಂಪಿದ್ದರೆ ಗಾಳಿಯ ಸಾರಜನಕ ಅಲ್ಲಿ ಗೊಬ್ಬರವಾಗುತ್ತಿದೆ ಎಂದು ಅರ್ಥ. ಒಂದು ಸಣ್ಣ ಹುಲ್ಲಿನ ಗಿಡ ನೆಲದೊಳಗೆ ಎಷ್ಟು ಬೇರು ಬಿಡಬಲ್ಲದು ಎಂಬುದನ್ನು 1937ರಲ್ಲಿ ಅಮೆರಿಕದ ಹೊವಾರ್ಡ್ ಡಿಟ್ಮರ್ ಎಂಬಾತ ಕೂತು ಅಳೆದ. ಎರಡು ಘನ ಅಡಿಗೂ ಕಡಿಮೆ ಮಣ್ಣಿನ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಗಿಡ. ಬೇರುಗಳನ್ನೆಲ್ಲ ಜೋಡಿಸಿದರೆ 600 ಕಿಲೋಮೀಟರಿಗೂ ಹೆಚ್ಚು ಉದ್ದ ಬಂತು. ರೈ ನಮ್ಮ ರಾಗಿಯ ಹಾಗೆ ಹುಲ್ಲಿನ ಕುಲದ್ದೇ. ರಾಗಿ ಕೊಯ್ದ ಮೇಲೆ ಕೂಳೆಯ ಕೆಳಗೆ ಅಂಥದೊಂದು ಬಲೆ ಹೊಲದ ತುಂಬ ಇರುತ್ತದೆ. ಕುಡುಗೋಲು ಬಣವೆಗೆ ಕಳಿಸುವುದು ಮೇಲಿನದನ್ನು ಮಾತ್ರ. ಜನವರಿಯಲ್ಲಿ ಆ ಕೂಳೆಗೆ ರೋಟರ್ ಹೊಡೆದು ನೆಲವನ್ನು ಐದು ತಿಂಗಳು ಬರಿಬಿಸಿಲಿಗೆ ಬಿಡುವ ಬದಲು, ಮುಂಗಾರಿನ ಹದ ಬರುವ ತನಕ ಕೂಳೆಯನ್ನು ಹಾಗೇ ಇರಿಸಿ ಎಂದು ನೀವೇ ಯಜಮಾನರಿಗೆ ಹೇಳಬಹುದು. 

ಬೇಲೂರು ಕಡೆಯವರು ಒಂದು ಕೆಲಸ ಮಾಡಿ. ಅರಸೀಕೆರೆಯಿಂದ ನಿಮ್ಮೂರಿಗೆ ಒಂದೂವರೆ ಗಂಟೆ ದಾರಿ. ಅಷ್ಟರಲ್ಲಿ ಬಯಲುಸೀಮೆ ಮುಗಿದು ಅರೆಮಲೆನಾಡು ಶುರುವಾಗುತ್ತದೆ. ಅಲ್ಲಿನ ಹಳೆಯ ಕಾಫಿ ತೋಟಕ್ಕೆ ಹೋಗಿ ನೆರಳಿನ ಮರದ ಕೆಳಗೆ ತರಗೆಲೆ ಸರಿಸಿ ಕೈಹಾಕಿ. ಬೆರಳು ಸಲೀಸಾಗಿ ಇಳಿಯುತ್ತದೆ. ಮಣ್ಣು ತಣ್ಣಗಿರುತ್ತದೆ, ಬಿಳಿಯ ಸಣ್ಣಬೇರು ಎಲೆಯ ಪದರದವರೆಗೂ ಬಂದಿರುತ್ತದೆ. ಅರೇಬಿಕಾ ಗಿಡದ ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿಯಲ್ಲೇ ಇರುತ್ತವೆ. ಆ ತೋಟದವರು ನೀರಿಂಗಿಸಲು ತೊಟ್ಟಿಲುಗುಂಡಿ ತೆಗೆಯುತ್ತಾರೆಯೇ ಹೊರತು ತೋಟವನ್ನೆಲ್ಲ ವರ್ಷಕ್ಕೆರಡು ಸಲ ಪುಡಿ ಮಾಡುವುದಿಲ್ಲ. ಮಳೆ ಹೆಚ್ಚು, ನೆರಳು ಹೆಚ್ಚು, ಬಯಲುಸೀಮೆಗೆ ಅದನ್ನು ಹೋಲಿಸಬಾರದು ಅನ್ನಬಹುದು. ಮಳೆ ಕಡಿಮೆ ಇರುವ ಕಡೆಯೇ ಮಣ್ಣಿನ ಹೊದಿಕೆ, ಬೇರು ಹೆಚ್ಚು ಬೇಕು ಎಂಬುದು ನನ್ನ ಮಾತು.

ಅದೇ ಬೇಲೂರು, ಹಳೇಬೀಡು ಸೀಮೆಯಲ್ಲಿ ಶುಂಠಿಗೆ ಗುತ್ತಿಗೆ ಹೋದ ನೆಲಗಳೂ ಇವೆ. ಈ ಮಾತು ಜೆಸಿಬಿ ತಮ್ಮಂದಿರಿಗೆ. ಶುಂಠಿಯ ಕೊಳೆ ರೋಗ ಒಮ್ಮೆ ಬಂದರೆ ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕೇ ಬೆಳೆಯುವವರು ಮರುವರ್ಷ ಹೊಸ ನೆಲ ಹುಡುಕುತ್ತಾರೆ. ಪ್ರತಿ ಹೊಸ ನೆಲದಲ್ಲೂ ಮೊದಲ ಕೆಲಸ ನಿಮ್ಮದು. ಬದು ಒಡೆಯುವುದು, ಬದುವಿನ ಮೇಲಿನ ಹೊಂಗೆ, ಬೇವು, ಲಕ್ಕಿಗಿಡ ಬುಡಸಮೇತ ಕೀಳುವುದು, ಮಟ್ಟ ಮಾಡುವುದು. ಒಂದು ಬೆಳೆ ತೆಗೆದು ಗುತ್ತಿಗೆಯವರು ಹೊರಡುತ್ತಾರೆ. ಬದುವಿಲ್ಲದ ಇಳಿಜಾರು ಯಜಮಾನನಿಗೆ ಉಳಿಯುತ್ತದೆ. ಮಡಿ ಏರಿಸಲು ಮಣ್ಣು ಬೇಕಾದರೆ ತೆಗೆಯಿರಿ, ಬದುವನ್ನು ಮಾತ್ರ ಬಿಡಿ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ಹಾಕುವುದು ಹಳೆಯ ರೂಢಿ. ಅದರ ಬೇರು ಆಳುದ್ದಕ್ಕಿಂತ ಕೆಳಗಿಳಿದು ಮಣ್ಣನ್ನು ಹಿಡಿದಿಡುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದನ್ನು ಮೆಚ್ಚಿ ಮಣ್ಣು ಕಾಯುವ ಹುಲ್ಲು ಎಂದು ಬೇರೆ ದೇಶಗಳಿಗೆ ಹೇಳಿಕೊಟ್ಟರು. ನಮ್ಮ ರಾಜ್ಯದ ಬದುವಿನಿಂದ ಜಗತ್ತು ಕಲಿತದ್ದನ್ನು ನಾವು ಒಂದು ಬಕೆಟ್ ಏಟಿಗೆ ಕಳೆದುಕೊಳ್ಳುವುದು ನನಗೆ ಸಹಿಸಲಾಗುವುದಿಲ್ಲ.

ಟ್ರ್ಯಾಕ್ಟರ್ ತಂದ ದೊಡ್ಡ ಅನಾಹುತವನ್ನು ಒಂದು ದೇಶ ಆಗಲೇ ಅನುಭವಿಸಿದೆ. ಅಮೆರಿಕದ ನಡುನಾಡಿನ ಬಯಲಿನಲ್ಲಿ ಸಾವಿರಾರು ವರ್ಷದ ಹುಲ್ಲುಗಾವಲಿತ್ತು. ನೆಬ್ರಾಸ್ಕದ ಜಾನ್ ವೀವರ್ ಎಂಬ ಸಸ್ಯವಿಜ್ಞಾನಿ ಹುಲ್ಲಿನ ಪಕ್ಕದಲ್ಲಿ ಆಳುದ್ದದ ಗುಂಡಿ ತೋಡಿ, ಒಳಗೆ ನಿಂತು, ಬೇರುಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರ ಬರೆದುಕೊಂಡ. ಮೇಲೆ ಎರಡು ಮೂರು ಅಡಿ ಇದ್ದ ಹುಲ್ಲು ಕೆಳಗೆ ಅದರ ಎರಡರಷ್ಟು ಇಳಿದಿತ್ತು. ಗೋಧಿಯ ಬೆಲೆ ಏರಿದಾಗ ಟ್ರ್ಯಾಕ್ಟರುಗಳು ಆ ಬಯಲನ್ನು ಮಗುಚಿದವು. 1930ರ ದಶಕದಲ್ಲಿ ಬರ ಬಂತು. ಹಿಡಿಯುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ದೂಳಿಗೆ ಹಗಲೇ ಕತ್ತಲಾಯಿತು. ಲಕ್ಷಾಂತರ ಜನ ಊರು ಬಿಟ್ಟರು. ಅದೇ ವರ್ಷ ಅಲ್ಲಿನ ಸರ್ಕಾರ ಮಣ್ಣು ಉಳಿಸಲೆಂದೇ ಕಾನೂನು ಮಾಡಬೇಕಾಯಿತು. ನಮ್ಮ ಮಳೆ ಬೇರೆ, ನೆಲ ಬೇರೆ. ಆದರೂ ಮೇ ತಿಂಗಳಲ್ಲಿ ಬಾಣಾವರದ ಕಡೆ ಉತ್ತ ಹೊಲದ ಮೇಲೆ ಏಳುವ ಕೆಂಪು ದೂಳನ್ನು ನೋಡಿದಾಗ ನನಗೆ ಅಮೆರಿಕದ ಆ ದೂಳು ನೆನಪಾಗುತ್ತದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದೇ ಇಲ್ಲ. ಗಾಡಿಯ ಕಂತು, ಡೀಸೆಲ್, ಬ್ಲೇಡಿನ ಸವೆತ, ಡ್ರೈವರ್ ಭತ್ಯೆ, ಎಲ್ಲ ಗಂಟೆ ಲೆಕ್ಕದ ಬಾಡಿಗೆಯಿಂದಲೇ ಹುಟ್ಟಬೇಕು. ಉಳಬೇಡಿ ಎಂದು ಹೇಳಿ ಸುಮ್ಮನಾದರೆ ನಿಮ್ಮ ಅನ್ನಕ್ಕೆ ಕೈಹಾಕಿದಂತೆ. ಆದ್ದರಿಂದ ಕೆಲಸ ಬದಲಿಸಿ ಅನ್ನುತ್ತಿದ್ದೇನೆ, ಬಿಡಿ ಅನ್ನುತ್ತಿಲ್ಲ. ಹುಲ್ಲು ತೆಗೆಯಲು ಸ್ಲ್ಯಾಷರ್ ಕಟ್ಟಿ. ಅದು ಹುಲ್ಲನ್ನು ನೆಲದ ಮೇಲಿಂದ ಸವರಿ ಅಲ್ಲೇ ಹಾಸುತ್ತದೆ, ಬೇರು ಒಳಗೇ ಉಳಿಯುತ್ತದೆ. ಬಿದ್ದ ಗರಿ, ಮಟ್ಟೆ, ಹೊಂಬಾಳೆಯ ಕಡ್ಡಿಯನ್ನು ಪುಡಿ ಮಾಡುವ ಶ್ರೆಡರ್‌ಗೆ ಪಿಟಿಒ ಸಾಕು. ಇವತ್ತು ಎಷ್ಟೋ ತೋಟದವರು ಗರಿಗೆ ಬೆಂಕಿ ಇಡುತ್ತಾರೆ, ಯಾಕೆಂದರೆ ಪುಡಿ ಮಾಡಿಕೊಡುವವರಿಲ್ಲ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಾವ ಉಪಕರಣ ಬಾಡಿಗೆಗೆ ಸಿಗುತ್ತದೆ ಎಂದು ನಿಮ್ಮ ಹೋಬಳಿಯಲ್ಲಿ ಕೇಳಿ ನೋಡಿ, ಎಲ್ಲವನ್ನೂ ಸ್ವಂತಕ್ಕೆ ಕೊಳ್ಳಬೇಕಾಗಿಲ್ಲ. ಮುಂಗಾರಿಗೆ ಸಾಲುಗಳ ನಡುವೆ ಸೆಣಬನ್ನೋ ಅಲಸಂದೆಯನ್ನೋ ಹುರುಳಿಯನ್ನೋ ಚೆಲ್ಲಿ, ಹೂವು ಬರುವ ಹೊತ್ತಿಗೆ ಬಂದು ಸವರಿಕೊಡುತ್ತೇವೆ ಎಂದು ಯಜಮಾನರ ಜತೆ ಮೊದಲೇ ಮಾತಾಡಿಕೊಳ್ಳಿ. ಆ ಒಂದು ತೋಟದಲ್ಲಿ ವರ್ಷಕ್ಕೆ ಎರಡು ಉಳುಮೆ ಹೋಗಿ, ಬಿತ್ತನೆ ಒಂದು, ಸವರುವುದು ಎರಡು, ಗರಿ ಪುಡಿ ಒಂದು, ಹೀಗೆ ನಾಲ್ಕು ಕೆಲಸ ಹುಟ್ಟುತ್ತವೆ.

ಪ್ರತಿ ವರ್ಷ ಮುಂಗಾರಿಗೆ ಮುಂಚೆ ನೀವೆಲ್ಲ ಸೇರಿ ಗಂಟೆಯ ದರ ನಿಗದಿ ಮಾಡಿಕೊಳ್ಳುತ್ತೀರಿ. ಈ ಸಲ ಆ ಪಟ್ಟಿಯಲ್ಲಿ ರೋಟವೇಟರ್, ಕಲ್ಟಿವೇಟರ್ ಕೆಳಗೆ ಸ್ಲ್ಯಾಷರ್‌ಗೂ ಗರಿ ಪುಡಿ ಮಾಡುವುದಕ್ಕೂ ಒಂದೊಂದು ದರ ಬರೆಯಿರಿ. ತೆಂಗಿನ ತೋಟದ ಉಳುಮೆ ಎಂಬ ಸಾಲಿನ ಮುಂದೆ 'ಬುಡದಿಂದ ಏಳಡಿ ಬಿಟ್ಟು' ಎಂದು ಸೇರಿಸಿ. ಪಟ್ಟಿಯನ್ನು ಅರಸೀಕೆರೆಯ ಮಾರುಕಟ್ಟೆ, ಬೇಲೂರಿನ ಬಸ್ ಸ್ಟ್ಯಾಂಡ್, ಹಳೇಬೀಡಿನ ಸಂತೆ, ಎಲ್ಲ ಕಡೆ ಅಂಟಿಸಿ. ಅಂಟಿಸುವ ಖರ್ಚಿಗೆ ನಮ್ಮಂಥ ಬೆಳೆಗಾರರು ಜತೆಗಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಬಾಣಾವರ ಕಡೆಯ ಒಬ್ಬ ತೆಂಗು ಬೆಳೆಗಾರ